ಟ್ಯಾಮರಾಕ್ ಕೌಂಟಿಯ ನಲವತ್ತೊಂದನೇ ಸ್ಪ್ಯಾಮ್

ಟ್ಯಾಮರಾಕ್ ಕೌಂಟಿಯಲ್ಲಿ ಒಂದು ಹಕ್ಕಿ ಇದೆಯೋ ಇಲ್ವೋ ಅನ್ನೋದನ್ನ ಏಳು ಜನ ಓಟು ಹಾಕಿ ತೀರ್ಮಾನ ಮಾಡ್ತಾರೆ.

ಇದರಲ್ಲಿ ನಗೋದಕ್ಕೆ ಏನೂ ಇಲ್ಲ. ಉತ್ತರ ಮಿನೆಸೋಟಾದಲ್ಲಿ ಆರು ತಿಂಗಳು ಹಿಮ. ಕಿಟಕಿ ಮುಂದೆ ಕೂತು ಕೂತು ಜನರ ಕಣ್ಣಿಗೆ ಏನೇನೋ ಕಾಣುತ್ತೆ. ಅದಕ್ಕೇ ಕೌಂಟಿಯ ಪಕ್ಷಿ ವೀಕ್ಷಕರ ಸಂಘದಲ್ಲಿ ದಾಖಲಾತಿ ಸಮಿತಿ ಅಂತ ಒಂದಿದೆ. ಅಪರೂಪದ ಹಕ್ಕಿ ಕಂಡವರು ನಮೂನೆ ತುಂಬಿ ಕೊಡ್ಬೇಕು. ಅವರಲ್ಲದೆ ಇನ್ನಿಬ್ಬರು ಸದಸ್ಯರು ಅದನ್ನ ಕಣ್ಣಾರೆ ನೋಡಿರ್ಬೇಕು. ಆಮೇಲೆ ಸಮಿತಿಯ ಏಳು ಜನ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಕೂತು, ಕಾಫಿ ಕುಡಿದು, ಕೈ ಎತ್ತಬೇಕು. ಒಂದು ವರ್ಷ ಗುಲಾಬಿ ಬಣ್ಣದ ರಾಜಹಂಸವೊಂದು ಮೂರು-ನಾಲ್ಕರಲ್ಲಿ ಸೋತು ಹೋಯ್ತು. ಸೋತ ಮೇಲೂ ಅದು ಮೂರು ವಾರ ಊರ ಕೆರೆಯಲ್ಲೇ ಒಂಟಿ ಕಾಲಲ್ಲಿ ನಿಂತಿತ್ತು. ಯಾರೂ ಆ ಕಡೆ ತಲೆ ಹಾಕ್ಲಿಲ್ಲ. ಇಲ್ಲ ಅಂತ ತೀರ್ಮಾನ ಆದದ್ದನ್ನ ನಿಂತು ನೋಡಿದ್ರೆ ಸಮಿತಿಗೆ ಅವಮಾನ ಮಾಡಿದ ಹಾಗೆ.

ಆರ್ಡಿಸ್ ಕ್ವಾಮಿ ಈ ಸಮಿತಿಯ ಕಾರ್ಯದರ್ಶಿ. ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿ ನಿವೃತ್ತರಾದವರು. ಎಲ್ಲರೂ ಹೊತ್ತಿಗೆ ಸರಿಯಾಗಿ ಬಂದಿದ್ದಾರಾ, ಯಾರಾದ್ರೂ ಹಿಂದೆ ಉಳಿದ್ರಾ ಅಂತ ಎಣಿಸೋದು ಅವರ ಕೈಗೆ ಅಂಟಿದ ಅಭ್ಯಾಸ. ಸಂಘದ ಹತ್ರ ಒಂದು ನೀಲಿ ಪುಸ್ತಕ ಇದೆ. ಕೌಂಟಿಯಲ್ಲಿ ಯಾವ ಹಕ್ಕಿಯನ್ನ ಯಾರು ಮೊಟ್ಟಮೊದಲು ಕಂಡ್ರೋ ಅವರ ಹೆಸರು ಅದರಲ್ಲಿ ದಪ್ಪ ಅಕ್ಷರದಲ್ಲಿ ಇರುತ್ತೆ. ಅಧ್ಯಕ್ಷರಾದ ರೂಬೆನ್ ಲಿಂಡಾಲ್ ಹೆಸರು ಮೂರು ಕಡೆ ಇದೆ. ಅವರು ಊರಿನ ಹಲ್ಲಿನ ಡಾಕ್ಟ್ರು. ಅಲ್ಲಿಯ ಮುಕ್ಕಾಲು ಪಾಲು ಜನರ ಹಲ್ಲು ಕಿತ್ತಿರೋದ್ರಿಂದ ಅವರ ಮುಂದೆ ಯಾರೂ ಜಾಸ್ತಿ ಬಾಯಿ ಬಿಡಲ್ಲ. ಲವಾನ್ ಅನ್ನೋ ಗ್ರಂಥಪಾಲಕಿಯ ಹೆಸರು ಒಂದು ಕಡೆ ಇದೆ. ಹಿಮ ತಳ್ಳೋ ಲಾರಿ ಓಡಿಸೋ ಟೋಯ್ವೊ ಹೆಸರೂ ಇದೆ. ಅವನ ಹಕ್ಕಿ ಅವನ ಲಾರಿಗೇ ಬಡಿದು ಸತ್ತಿತ್ತು, ಆದ್ರೂ ಲೆಕ್ಕಕ್ಕೆ ಬಂತು. ಸತ್ತ ಹಕ್ಕಿಗೆ ಸಾಕ್ಷಿ ಹುಡುಕೋದು ಸುಲಭ.

ಆರ್ಡಿಸ್ ಹೆಸರು ಕೊನೇ ಪುಟದಲ್ಲಿತ್ತು. 'ಬೆರಳಚ್ಚು: ಎ. ಕ್ವಾಮಿ' ಅಂತ. ಮೂವತ್ತೊಂದು ವರ್ಷ ಕತ್ತಿಗೆ ಬೈನಾಕ್ಯುಲರ್ ಹಾಕ್ಕೊಂಡು ಓಡಾಡಿ ಕತ್ತು ನೋವು ಬಂತೇ ಹೊರತು ಒಂದೇ ಒಂದು ಹೊಸ ಹಕ್ಕಿ ಅವರ ಪಾಲಿಗೆ ಬರ್ಲಿಲ್ಲ. ಒಂದು ಗುಬ್ಬಿಯ ಪಕ್ಕ ಆದ್ರೂ ತಮ್ಮ ಹೆಸರು ದಪ್ಪಗೆ ಬಿದ್ರೆ ಸಾಕು ಅಂತ ಅವರಿಗೆ ಆಸೆ ಇತ್ತು. ಅದನ್ನ ಯಾರ ಹತ್ರಾನೂ ಹೇಳ್ಕೊಂಡಿರ್ಲಿಲ್ಲ. ಆದ್ರೆ ಎಲ್ಲರಿಗೂ ಗೊತ್ತಿತ್ತು.

ಸಂಘಕ್ಕೆ ಒಂದು ಮೇಲ್ ಗುಂಪು ಇತ್ತು. ನಾನೂರ ಹನ್ನೆರಡು ಜನ. ಯಾರಿಗಾದ್ರೂ ಹಕ್ಕಿ ಕಂಡ್ರೆ ಗುಂಪಿಗೆ ಬರೀತಿದ್ರು, ಉಳಿದವರು ಗಾಡಿ ಹತ್ತಿ ಓಡ್ತಿದ್ರು. ಆಮೇಲೆ ಆ ಗುಂಪಿಗೆ ಸ್ಪ್ಯಾಮ್ ಬರೋಕೆ ಶುರುವಾಯ್ತು. ಕೂದಲು ಬೆಳೆಸೋ ಎಣ್ಣೆ, ಹೊಟ್ಟೆ ಕರಗಿಸೋ ಚಹಾ, ಯಾವುದೋ ಸತ್ತ ಜನರಲ್‌ನ ಹೆಂಡತಿ ಇಟ್ಟಿರೋ ಚಿನ್ನದ ಪೆಟ್ಟಿಗೆ. ಡಾಕ್ಟ್ರು ಒಂದು ತಡೆಯೋ ಯಂತ್ರ ಹಾಕಿಸಿದ್ರು. ಅದು ಕೂದಲೆಣ್ಣೆಯನ್ನ ಬಿಡ್ತು, ಹೆಲ್ಮರ್ ಅವರನ್ನ ಹಿಡೀತು.

ಹೆಲ್ಮರ್ ಅವರಿಗೆ ಎಂಬತ್ತೇಳು. ಒಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಕೆರೆ ಸುತ್ತಿ ಬಂದು ಗುಂಪಿಗೆ ಒಂದೇ ಸಾಲು ಬರೀತಿದ್ರು: 'ಇವತ್ತು ಏನೂ ಇಲ್ಲ.' ಒಂದೇ ಮಾತನ್ನ ಮೂರು ಸಾವಿರ ಸಲ ಹೇಳಿದವನು ಮನುಷ್ಯ ಆಗಿರೋಕೆ ಸಾಧ್ಯ ಇಲ್ಲ ಅಂತ ಯಂತ್ರ ತೀರ್ಮಾನ ಮಾಡಿ ಅವರನ್ನ ಗುಂಪಿಂದ ಹೊರಗೆ ಹಾಕ್ತು. ಚರ್ಚಿನ ಬಾಗಿಲಲ್ಲಿ ಡಾಕ್ಟ್ರು ಕ್ಷಮೆ ಕೇಳಿದಾಗ ಹೆಲ್ಮರ್ "ಪರವಾಗಿಲ್ಲ ಬಿಡಿ" ಅಂದ್ರು.

ಆ ಕಡೆಯ ಜನ 'ಪರವಾಗಿಲ್ಲ ಬಿಡಿ' ಅಂದ್ರೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಅದೇ ವಾರ ತುರ್ತು ಸಭೆ ಕರೆದ್ರು.

"ಸ್ಪ್ಯಾಮ್ ಬಂದ್ರೆ ಅಳಿಸಿ ಬಿಸಾಕಿ. ಇದಕ್ಕೊಂದು ಸಭೆ ಬೇರೆ!" ಅಂದ ಟೋಯ್ವೊ, ನಿಂಬೆಹಣ್ಣಿನ ಸಿಹಿ ಬಾಯಿಗೆ ಹಾಕ್ಕೊಂಡು.

"ಅದು ಸ್ಪ್ಯಾಮ್ ಅಂತ ನೀನು ಹೇಗೆ ಹೇಳ್ತೀಯ?" ಅಂದ್ರು ಡಾಕ್ಟ್ರು.

"ಕೂದಲೆಣ್ಣೆ ಡಾಕ್ಟ್ರೇ. ಓದಿದ್ರೆ ಗೊತ್ತಾಗಲ್ವಾ?"

"ನಿನಗೆ ಗೊತ್ತಾಯ್ತು. ಒಬ್ಬನೇ ನೋಡಿದ್ದು. ಇನ್ನಿಬ್ಬರು ಯಾರು?"

ಟೋಯ್ವೊ ಅಗಿಯೋದು ನಿಲ್ಲಿಸಿದ. ಮೂವತ್ತು ವರ್ಷದಿಂದ ಹಕ್ಕಿಗೆ ಕೇಳ್ತಿದ್ದ ಪ್ರಶ್ನೆಯನ್ನ ಕೂದಲೆಣ್ಣೆಗೆ ಮಾತ್ರ ಕೇಳದೇ ಇದ್ರೆ ಅದು ಪಕ್ಷಪಾತ ಆಗುತ್ತೆ ಅಂತ ಲವಾನ್ ಮೆಲ್ಲಗೆ ಅಂದ್ರು. ಉಳಿದ ಮೂವರು ಸದಸ್ಯರು ಡಾಕ್ಟ್ರ ಕೈ ಎಲ್ಲಿದೆ ಅಂತ ನೋಡಿ ತಮ್ಮ ಕೈ ಎತ್ತಿದ್ರು. ನಿಯಮ ಬರೆಯೋ ಕೆಲಸ ಆರ್ಡಿಸ್‌ಗೆ ಬಂತು.

ಆರ್ಡಿಸ್ ಎರಡು ದಿನ ಅಡುಗೆಮನೆ ಮೇಜಿನ ಮೇಲೆ ಕೂತು ಇಪ್ಪತ್ತಮೂರು ನಿಯಮ ಬರೆದ್ರು. ಬರೆದಷ್ಟೂ ಖುಷಿ ಆಗ್ತಿತ್ತು. ಹಕ್ಕಿ ಹುಡುಕೋದ್ರಲ್ಲಿ ತಾನು ಸ್ವಲ್ಪ ಹಿಂದೆ ಇರಬಹುದು, ನಿಯಮ ಹುಡುಕೋದ್ರಲ್ಲಿ ತನ್ನನ್ನ ಬಿಟ್ರೆ ಇಲ್ಲ ಅಂತ ಅವರಿಗೆ ಅನ್ನಿಸ್ತು. ಒಂದನೇ ನಿಯಮ ಓದಿದಾಗ ಸಭೆಯಲ್ಲಿ ಚಪ್ಪಾಳೆ ಬಿತ್ತು:

'ಪ್ರಾಮಾಣಿಕ ಸದಸ್ಯರ ಯಾವುದೇ ಪತ್ರವನ್ನು ಯಾವುದೇ ಸಂದರ್ಭದಲ್ಲಿ ತಡೆಹಿಡಿಯತಕ್ಕದ್ದಲ್ಲ.'

ಹೆಲ್ಮರ್ ಕರ್ಚೀಫಲ್ಲಿ ಕಣ್ಣೊರೆಸ್ಕೊಂಡ್ರು.

ಉಳಿದ ನಿಯಮಗಳು ಇದನ್ನ ಕಾಪಾಡೋದಕ್ಕೆ. ಹಕ್ಕಿಗೆ ರೆಕ್ಕೆ, ಕೊಕ್ಕು, ಬಾಲ ಇದ್ದ ಹಾಗೆ ಸ್ಪ್ಯಾಮಿಗೂ ಐದು ಗುರುತು ಇದೆ ಅಂತ ಆರ್ಡಿಸ್ ಕಂಡುಹಿಡಿದಿದ್ರು. ಬೇಗ ಬನ್ನಿ ಅಂತ ಅವಸರ ಮಾಡೋದು, ಏನನ್ನಾದ್ರೂ ಉಚಿತ ಅನ್ನೋದು, ದೂರದೇಶದ ಸಂಗತಿ ಇರೋದು, ಇದುವರೆಗೆ ಯಾರಿಗೂ ಸಿಗದ್ದು ನಿಮಗೆ ಸಿಗುತ್ತೆ ಅನ್ನೋದು, ಎರಡಕ್ಕಿಂತ ಹೆಚ್ಚು ಉದ್ಗಾರ ಚಿಹ್ನೆ ಹಾಕೋದು. ಮೂರು ಗುರುತು ಕಂಡ್ರೆ ಯಂತ್ರ ಪತ್ರವನ್ನ ತಡೆದು ಸಮಿತಿಯ ವೀಕ್ಷಣೆಗೆ ಕಳಿಸುತ್ತೆ. ವೀಕ್ಷಣೆಯನ್ನ ಸಮಿತಿ ಎಲ್ಲರೂ ಸೇರಿ, ಪತ್ರ ಎಲ್ಲಿಂದ ಬಂತೋ ಆ ಜಾಗದಲ್ಲೇ ಮಾಡ್ಬೇಕು. ಗೂಡಲ್ಲಿ ನೋಡಿದ ಹಕ್ಕಿಯೂ ಪಂಜರದಲ್ಲಿ ನೋಡಿದ ಹಕ್ಕಿಯೂ ಒಂದೇನಾ? ತೀರ್ಮಾನ ಆಗೋ ತನಕ ಯಾವ ಸದಸ್ಯನೂ ಒಬ್ಬನೇ ಹೋಗಿ ನೋಡೋ ಹಾಗಿಲ್ಲ. ಪತ್ರದ ಜೊತೆ ಬಂದ ಚಿತ್ರ ತೆರೆಯೋ ಹಾಗಿಲ್ಲ, ಅದರಲ್ಲಿ ವೈರಸ್ ಇರುತ್ತೆ. ಇನ್ನು ಹತ್ತೊಂಬತ್ತನೇ ನಿಯಮ ಅಂತೂ ಆರ್ಡಿಸ್‌ಗೆ ಬಹಳ ಇಷ್ಟ: 'ಪತ್ರ ಬರೆದವರು ವೀಕ್ಷಣೆಯ ವೇಳೆ ಸಮಿತಿಯ ಗಮನವನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಬೇರೆಡೆಗೆ ಸೆಳೆಯತಕ್ಕದ್ದಲ್ಲ.'

ಕೂದಲೆಣ್ಣೆ ಏಳಕ್ಕೆ ಏಳು ಓಟಲ್ಲಿ ಕೌಂಟಿಯ ಮೊದಲ ಸ್ಪ್ಯಾಮ್ ಅಂತ ದಾಖಲಾಯ್ತು. ಅದನ್ನ ಮೊದಲು ಕಂಡದ್ದು ಲವಾನ್. ನೀಲಿ ಪುಸ್ತಕಕ್ಕೆ ಒಂದು ಅನುಬಂಧ ಸೇರಿಸಿ ಅವರ ಹೆಸರು ದಪ್ಪ ಅಕ್ಷರದಲ್ಲಿ ಹಾಕಿದ್ರು.

ಅಲ್ಲಿಂದ ಮುಂದಿನದು ಸಹಜವಾಗೇ ನಡೀತು. ಚಳಿಗಾಲದಲ್ಲಿ ಆ ಕೌಂಟಿಯಲ್ಲಿ ಹಕ್ಕಿ ಕಮ್ಮಿ, ಸ್ಪ್ಯಾಮಿಗೆ ಚಳಿಗಾಲ ಅಂತ ಇಲ್ಲ. ಜನ ಸ್ಪ್ಯಾಮಿನ ಪಟ್ಟಿ ಇಟ್ಕೊಳ್ಳೋಕೆ ಶುರು ಮಾಡಿದ್ರು. ಡಾಕ್ಟ್ರು ನೂರ ನಲವತ್ತು ಮೈಲಿ ಗಾಡಿ ಓಡಿಸಿ ಯಾರದೋ ಸೋದರತ್ತೆ ಮನೆಯ ಕಂಪ್ಯೂಟರ್‌ನಲ್ಲಿ ಚಿನ್ನದ ಪೆಟ್ಟಿಗೆಯನ್ನ ಮೂಲರೂಪದಲ್ಲಿ ನೋಡಿ ಬಂದ್ರು. ಹಿತ್ತಲಲ್ಲಿ ಕಾಳು ಹಾಕಿದ ಹಾಗೆ ಜನ ತಮ್ಮ ಮೇಲ್ ವಿಳಾಸವನ್ನ ಸಿಕ್ಕಸಿಕ್ಕ ಜೂಜಿನ ಅಂಗಡಿಗಳಲ್ಲಿ ಚೆಲ್ಲಿ, ಏನಾದ್ರೂ ಬಂದು ಕೂರುತ್ತಾ ಅಂತ ಕಾಯ್ತಿದ್ರು. ಸ್ಪ್ಯಾಮ್ ತಡೆಯೋದಕ್ಕೆ ಅಂತ ಶುರುವಾದ ಕೆಲಸ ಸ್ಪ್ಯಾಮ್ ಸಿಗದೇ ನಿಂತು ಹೋದ್ರೆ ಏನು ಗತಿ ಅಂತ ಸಂಘ ಒಂದು ಸಂರಕ್ಷಣಾ ಉಪಸಮಿತಿಯನ್ನೂ ಮಾಡ್ತು. ಎರಡು ವರ್ಷದಲ್ಲಿ ನಲವತ್ತು ಜಾತಿ ದಾಖಲಾದವು.

ಅದರಲ್ಲೂ ಆರ್ಡಿಸ್ ಹೆಸರು ಎಲ್ಲೂ ಇಲ್ಲ. ಅವರಿಗೆ ಸ್ಪ್ಯಾಮ್ ಕೂಡ ಬರ್ತಿರ್ಲಿಲ್ಲ. ನಾಲ್ಕು ಜೂಜಿನ ಅಂಗಡಿಯಲ್ಲಿ ವಿಳಾಸ ಕೊಟ್ಟು ನೋಡಿದ್ರು. ಒಂದು ಅಂಗಡಿಯವರು 'ತಮ್ಮ ವಯಸ್ಸಿಗೆ ಇದು ಒಳ್ಳೇದಲ್ಲ' ಅಂತ ತಿರುಗಿ ಬರೆದ್ರು. ಅದನ್ನ ಸಮಿತಿ ಮುಂದೆ ಇಟ್ಟಾಗ, ಇದು ಸ್ಪ್ಯಾಮ್ ಅಲ್ಲ, ಒಳ್ಳೇ ಸಲಹೆ ಅಂತ ತಳ್ಳಿ ಹಾಕಿದ್ರು.

ಜನವರಿಯ ಒಂದು ಮಂಗಳವಾರ ಬೆಳಿಗ್ಗೆ, ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ. ಆರ್ಡಿಸ್ ಓಟ್ಸ್ ಬೇಯಿಸಿದ ಪಾತ್ರೆ ಉಜ್ತಾ ಕಿಟಕಿಯಾಚೆ ನೋಡಿದ್ರು. ಕಾಳಿನ ತಟ್ಟೆಯಲ್ಲಿ ದಿನಾ ಬರೋ ಬೂದು ಹಕ್ಕಿಗಳ ಮಧ್ಯೆ ಇನ್ನೊಂದು ಕೂತಿತ್ತು. ಎದೆ ಕಿತ್ತಳೆ, ಬೆನ್ನು ಕಪ್ಪು, ಹೊಟ್ಟೆ ಬಿಳಿ. ಬ್ರ್ಯಾಂಬ್ಲಿಂಗ್. ಸೈಬೀರಿಯಾದ ಕಾಡಲ್ಲಿ ಇರಬೇಕಾದ್ದು ಸಮುದ್ರ ದಾಟಿ, ದಾರಿ ತಪ್ಪಿ, ಸೀದಾ ಆರ್ಡಿಸ್ ಕ್ವಾಮಿ ಅವರ ಸೂರ್ಯಕಾಂತಿ ಬೀಜ ತಿನ್ನೋಕೆ ಬಂದಿತ್ತು. ಕೌಂಟಿಯಲ್ಲಿ ಇದುವರೆಗೆ ಒಬ್ಬರೂ ಕಂಡಿರ್ಲಿಲ್ಲ.

ಪಾತ್ರೆ ಕೈ ಜಾರಿ ಸಿಂಕಿಗೆ ಬಿತ್ತು. ಆರ್ಡಿಸ್ ಸೋಪಿನ ಕೈಯಲ್ಲೇ ಕಿಟಕಿಯಿಂದ ಒಂದು ಫೋಟೋ ತೆಗೆದು, ಕಂಪ್ಯೂಟರ್ ಮುಂದೆ ಕೂತು, ಮೂವತ್ತೊಂದು ವರ್ಷ ಮನಸ್ಸಲ್ಲೇ ಬರೆದಿಟ್ಕೊಂಡಿದ್ದ ಪತ್ರವನ್ನ ಒಂದೇ ಉಸಿರಲ್ಲಿ ಬರೆದ್ರು:

'ಬ್ರ್ಯಾಂಬ್ಲಿಂಗ್!!! ಎಲ್ಲರೂ ಬೇಗ ಬನ್ನಿ! ನಮ್ಮ ಮನೆಗೆ ಸೈಬೀರಿಯಾದಿಂದ ಅಪರೂಪದ ಅತಿಥಿ ಬಂದಿದೆ. ಈ ಕೌಂಟಿಯಲ್ಲಿ ಇದುವರೆಗೆ ಯಾರಿಗೂ ಸಿಕ್ಕಿಲ್ಲ, ನಿಮಗೆ ಸಿಗುತ್ತೆ! ಎಷ್ಟು ದಿನ ಇರುತ್ತೋ ಗೊತ್ತಿಲ್ಲ, ತಡ ಮಾಡಬೇಡಿ! ಕಾಫಿ ಉಚಿತ! ಚಿತ್ರ ಲಗತ್ತಿಸಿದೆ.'

ಕಳಿಸಿದ ಮರುಕ್ಷಣ ಯಂತ್ರದಿಂದ ಉತ್ತರ ಬಂತು, ಆರ್ಡಿಸೇ ಹಿಂದೆ ಬರೆದು ಅದರೊಳಗೆ ಇಟ್ಟಿದ್ದದ್ದು.

'ಮಾನ್ಯರೇ, ತಮ್ಮ ಪತ್ರದಲ್ಲಿ ಐದರ ಪೈಕಿ ಐದು ಲಕ್ಷಣಗಳು ಕಂಡುಬಂದಿರುವ ಪ್ರಯುಕ್ತ ಅದನ್ನು ವೀಕ್ಷಣೆಗೆ ಕಾಯ್ದಿರಿಸಲಾಗಿದೆ. ತಾವು ಪ್ರಾಮಾಣಿಕ ಸದಸ್ಯರಾಗಿದ್ದಲ್ಲಿ ತಮ್ಮ ಪತ್ರವನ್ನು ತಡೆಹಿಡಿದಿರುವುದಿಲ್ಲ. ಆದ್ದರಿಂದ ಆತಂಕಕ್ಕೆ ಕಾರಣವಿಲ್ಲ. ಇಂತಿ ತಮ್ಮ ವಿಶ್ವಾಸಿ, ಎ. ಕ್ವಾಮಿ, ಕಾರ್ಯದರ್ಶಿ.'

ಆರ್ಡಿಸ್ ಅದನ್ನ ಎರಡು ಸಲ ಓದಿದ್ರು. ಭಾಷೆ ಚೆನ್ನಾಗಿದೆ ಅಂತ ಮೊದಲು ಅನ್ನಿಸ್ತು. ಆಮೇಲೆ ಟೋಯ್ವೊಗೆ ಫೋನ್ ಮಾಡಿದ್ರು. ಅವನು ಚಿಕ್ಕವನಿದ್ದಾಗ ಆರ್ಡಿಸ್ ಬಸ್ಸಲ್ಲೇ ಸ್ಕೂಲಿಗೆ ಹೋಗ್ತಿದ್ದವನು.

"ಟೋಯ್ವೊ, ಲಾರಿ ಎಲ್ಲಿದ್ರೂ ನಿಲ್ಲಿಸಿ ನಮ್ಮನೆಗೆ ಬಾ. ಬ್ರ್ಯಾಂಬ್ಲಿಂಗ್."

"ಏನಂದ್ರಿ?"

"ಕಿವಿಗೆ ಬಿತ್ತಲ್ಲ. ತಟ್ಟೆ ಮೇಲೆ ಕೂತಿದೆ. ಈಗ ನೋಡ್ತಾ ಇದೀನಿ."

ಆ ಕಡೆ ಲಾರಿ ಸದ್ದು ನಿಂತ ಹಾಗಾಯ್ತು. "ಆರ್ಡಿಸಕ್ಕ, ಗುಂಪಿಗೆ ಬರೆದ್ರಾ?"

"ಬರೆದೆ. ಹಿಡ್ಕೊಂಡಿದೆ."

"ಎಷ್ಟು ಗುರುತು?"

"...ಐದು."

"ಅಯ್ಯೋ ದೇವ್ರೇ. ಐದಕ್ಕೆ ಐದು ಇದುವರೆಗೆ ಯಾವ ಸ್ಪ್ಯಾಮಿಗೂ ಬಂದಿಲ್ಲ."

"ಅದು ಬಿಡೋ. ನೀನು ಬಂದು ನೋಡಿ ಹೋಗು, ಸಾಕ್ಷಿ ಆಗುತ್ತೆ."

"ನಾನು ಬರೋ ಹಾಗಿಲ್ಲ ಅಕ್ಕ. ವೀಕ್ಷಣೆಗೆ ಹೋದ ಮೇಲೆ ಒಬ್ಬನೇ ಬಂದು ನೋಡಿದ್ರೆ ನನ್ನ ಓಟೇ ಹೋಗುತ್ತೆ. ಹನ್ನೊಂದನೇ ನಿಯಮ."

"ಯಾವ ಮುಠ್ಠಾಳ ಬರೆದದ್ದು ಅದನ್ನ?"

ಟೋಯ್ವೊ ಲಾರಿಯನ್ನ ಮತ್ತೆ ಶುರು ಮಾಡ್ದ. ಚಿಕ್ಕವನಿದ್ದಾಗಿಂದ ಅವರಿಗೆ ಎದುರು ಮಾತಾಡಿದವನಲ್ಲ.

"ಸರಿ, ನಾನೇ," ಅಂದ್ರು ಆರ್ಡಿಸ್.

ಡಾಕ್ಟ್ರು ಫೋನಲ್ಲಿ ಬಹಳ ಪ್ರೀತಿಯಿಂದ ಮಾತಾಡಿದ್ರು. "ಆರ್ಡಿಸ್, ನಿಮ್ಮನ್ನ ನಾನು ನಂಬ್ತೀನಿ. ನಿಮ್ಮ ಪತ್ರವನ್ನ ನಂಬೋ ಹಾಗಿಲ್ಲ, ಅಷ್ಟೇ."

"ಫೋಟೋ ಕಳಿಸಿದೀನಿ ಡಾಕ್ಟ್ರೇ. ಅದನ್ನ ಒಂದು ಸಲ ತೆಗೆದು ನೋಡಿ."

"ಲಗತ್ತು ತೆರೆಯೋಕಾಗುತ್ತಾ? ವೈರಸ್ ಇದ್ರೆ?"

"ಹಕ್ಕಿ ಫೋಟೋದಲ್ಲಿ ಏನ್ರೀ ವೈರಸ್ಸು?"

"ಎಲ್ಲ ಸ್ಪ್ಯಾಮೂ ಹಾಗೇ ಹೇಳುತ್ತೆ," ಅಂದ್ರು ಡಾಕ್ಟ್ರು, ಬೇಸರದಿಂದ. "ಮುಂದಿನ ಶನಿವಾರ ಅಲ್ಲ, ಅದರ ಮುಂದಿನ ಶನಿವಾರ ನಾವೆಲ್ಲ ಬರ್ತೀವಿ. ಅಲ್ಲೀ ತನಕ ಏನನ್ನೂ ಮುಟ್ಬೇಡಿ."

ಹನ್ನೊಂದು ದಿನ. ಹಕ್ಕಿಗೆ ಇದು ಗೊತ್ತಿರ್ಲಿಲ್ಲ. ಮೂರನೇ ದಿನ ಒಂದು ಗಿಡುಗ ಬಂದು ಬೇಲಿ ಮೇಲೆ ಕೂತು ತಟ್ಟೆಯನ್ನೇ ನೋಡೋಕೆ ಶುರು ಮಾಡ್ತು. ಆರ್ಡಿಸ್ ತೀರಿಹೋದ ಗಂಡನ ದೊಡ್ಡ ಕೋಟು ಹಾಕ್ಕೊಂಡು, ಕಸಪೊರಕೆ ಹಿಡ್ಕೊಂಡು ಹಿತ್ತಲಲ್ಲಿ ನಿಂತ್ರು. ದಿನಾ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕೂವರೆ ತನಕ, ಬಸ್ ಓಡಿಸ್ತಿದ್ದ ಕಾಲದ ಹಾಗೇ, ಮಧ್ಯೆ ಊಟಕ್ಕೆ ಅರ್ಧ ಗಂಟೆ. ರೆಪ್ಪೆ ಮೇಲೆ ಹಿಮ ಕಟ್ಟೋದು. ಪಕ್ಕದ ಮನೆಯವರು ಬಂದು, ಚೆನ್ನಾಗಿದ್ದೀರಾ, ಯಾರಿಗಾದ್ರೂ ಫೋನ್ ಮಾಡ್ಬೇಕಾ ಅಂತ ಕೇಳಿದ್ರು. ಆರ್ಡಿಸ್ ಹಕ್ಕಿ ತೋರಿಸಿದ್ರು. ಅವರು ನೋಡಿ, ಚೆಂದ ಇದೆ ಅಂದ್ರು. ಅವರು ಸಂಘದ ಸದಸ್ಯರಲ್ಲ, ಹಾಗಾಗಿ ಅವರು ನೋಡಿದ ಹಾಗಾಗ್ಲಿಲ್ಲ.

ಹನ್ನೊಂದನೇ ದಿನ ಶನಿವಾರ ಸಮಿತಿ ಬಂತು. ಆರೂ ಜನ ದಪ್ಪ ಜಾಕೆಟ್ಟು, ಕುತ್ತಿಗೆಗೆ ಬೈನಾಕ್ಯುಲರ್, ಕೈಯಲ್ಲಿ ಫ್ಲಾಸ್ಕು. ಡಾಕ್ಟ್ರು ಮೂರು ಕಾಲಿನ ದೂರದರ್ಶಕ ಬೇರೆ ತಂದಿದ್ರು. ಬಾಗಿಲಲ್ಲಿ ಬೂಟು ಬಿಚ್ಚಿಟ್ಟು, ಕಾಲುಚೀಲದಲ್ಲಿ ಮೆಲ್ಲಗೆ ಹೆಜ್ಜೆ ಇಟ್ಕೊಂಡು ಒಳಗೆ ಬಂದ್ರು. ಕಂಪ್ಯೂಟರ್ ಇದ್ದದ್ದು ಅಡುಗೆಮನೆ ಗೋಡೆ ಹತ್ರ, ಕಿಟಕಿಗೆ ಸರಿಯಾಗಿ ಎದುರುಗಡೆ. ಆರ್ಡಿಸ್ ಪತ್ರ ತೆಗೆದಿಟ್ಟು ಪಕ್ಕಕ್ಕೆ ಸರಿದ್ರು. ಆರು ಜನ ಕುರ್ಚಿ ಹಾಕ್ಕೊಂಡು, ಕಿಟಕಿಗೆ ಬೆನ್ನು ಕೊಟ್ಟು, ಪರದೆ ಕಡೆ ಮುಖ ಮಾಡಿ ಕೂತ್ರು.

"ಎಂಥಾ ಪತ್ರ!" ಅಂತ ಪಿಸುಗುಟ್ಟಿದ್ರು ಲವಾನ್. "ಉದ್ಗಾರ ಚಿಹ್ನೆ ಏಳಿದೆ."

"ಶ್, ಅಲ್ಲಾಡ್ಬೇಡಿ," ಅಂದ್ರು ಡಾಕ್ಟ್ರು.

ಹಕ್ಕಿ ನೋಡೋ ಜನ ಕಾಯೋದ್ರಲ್ಲಿ ಗಟ್ಟಿಗರು. ಹತ್ತು ನಿಮಿಷ ಆಯ್ತು. ಯಾರೂ ಮುಟ್ಟದೇ ಇದ್ದ ಕಾರಣ ಕಂಪ್ಯೂಟರ್ ಪರದೆ ತಾನಾಗೇ ಆರಿ ಕಪ್ಪಾಯ್ತು.

"ಹಾರಿ ಹೋಯ್ತಾ?" ಅಂದ ಟೋಯ್ವೊ.

"ಹೆದರಿದೆ. ಮತ್ತೆ ಬರುತ್ತೆ. ಸುಮ್ನೆ ಕೂತ್ಕೋ."

ಆಗ ಅವರ ಬೆನ್ನ ಹಿಂದೆ, ಗಾಜಿನಾಚೆ, ಮೂರಡಿ ದೂರದಲ್ಲಿ ಬ್ರ್ಯಾಂಬ್ಲಿಂಗ್ ಬಂದು ತಟ್ಟೆ ಮೇಲೆ ಕೂತ್ಕೊಳ್ತು.

ಆರ್ಡಿಸ್ ಬಾಯಿ ತಾನಾಗೇ ತೆರೀತು. ತೆರೆದ ಬಾಯಲ್ಲಿ ಹತ್ತೊಂಬತ್ತನೇ ನಿಯಮ ಸಿಕ್ಕಿಹಾಕ್ಕೊಂಡಿತ್ತು. ಮಾತಿನಿಂದಾಗಲಿ ಸನ್ನೆಯಿಂದಾಗಲಿ. ಅವರು ಎರಡೂ ಕೈಯನ್ನ ಏಪ್ರನ್ ಜೇಬಿಗೆ ತುರುಕಿದ್ರು, ಎಲ್ಲಿ ಒಂದು ಬೆರಳು ಎದ್ದು ಕಿಟಕಿ ತೋರಿಸಿಬಿಡುತ್ತೋ ಅಂತ. ಎರಡೇ ಎರಡು ತಲೆ ಹಿಂದಕ್ಕೆ ತಿರುಗಿದ್ರೆ ಸಾಕಿತ್ತು.

ಹಕ್ಕಿ ಕೂಗ್ತು. ಝ್ವೀ ಅಂತ, ಹಳೇ ಬಾಗಿಲಿನ ಕೀಲಿನ ಹಾಗೆ. ಆರು ಜನರ ಬೆನ್ನೂ ಒಟ್ಟಿಗೆ ನೆಟ್ಟಗಾಯ್ತು. ಕಣ್ಣು ಮುಚ್ಚಿಕೊಂಡು ನೂರು ಹಕ್ಕಿಯ ದನಿ ಹೇಳೋ ಜನ ಅವರು. ಲವಾನ್ ಕಿವಿ ಕೆಂಪಾಯ್ತು. ಟೋಯ್ವೊ ಕತ್ತು ಅರ್ಧ ತಿರುಗ್ತು.

"ತಿರುಗ್ಬೇಡ," ಅಂದ್ರು ಡಾಕ್ಟ್ರು, ಪರದೆಯಿಂದ ಕಣ್ಣು ತೆಗೀದೆ. ಹಲ್ಲು ಕೀಳೋವಾಗಿನ ದನಿ ಅದು.

"ಡಾಕ್ಟ್ರೇ, ಹಿಂದೆ ಏನೋ..."

"ನನಗೂ ಕೇಳಿಸ್ತು. ಯೋಚನೆ ಮಾಡು. ಹಿಂದೆ ಹಕ್ಕಿ ಇದ್ರೆ ಆರ್ಡಿಸ್ ಪತ್ರ ನಿಜ. ಪತ್ರ ನಿಜ ಆದ್ರೆ ಆರ್ಡಿಸ್ ಪ್ರಾಮಾಣಿಕ ಸದಸ್ಯೆ. ಪ್ರಾಮಾಣಿಕ ಸದಸ್ಯೆಯ ಪತ್ರವನ್ನ ನಾವು ಹನ್ನೊಂದು ದಿನ ತಡೆಹಿಡಿದಿದ್ದೀವಿ ಅಂತಾಯ್ತು. ಒಂದನೇ ನಿಯಮ ಮುರಿದ ಹಾಗೆ. ಹೆಲ್ಮರ್ ಅವರಿಗೆ ಏನಂತ ಹೇಳೋಣ?"

ಟೋಯ್ವೊ ಯೋಚನೆ ಮಾಡ್ದ. "ಹಾಗಾದ್ರೆ ಹಿಂದೆ ಹಕ್ಕಿ ಇಲ್ಲ."

"ಇರೋಕೆ ಸಾಧ್ಯ ಇಲ್ಲ."

"ನೋಡಿ, ನೋಡಿ!" ಲವಾನ್ ಕುರ್ಚಿ ಅಂಚಿಗೆ ಬಂದ್ರು. "ಬಂತು!"

ಕಪ್ಪು ಪರದೆಯಲ್ಲಿ, ಕನ್ನಡಿಯಲ್ಲಿ ಮೂಡಿದ ಹಾಗೆ ಮೂಡಿದ್ದ ಕಿಟಕಿಯ ಬೆಳಕಿನ ಚೌಕದ ಮಧ್ಯೆ, ಸಣ್ಣದೊಂದು ಕಿತ್ತಳೆ ಬಣ್ಣದ ಆಕಾರ ಅಲುಗಾಡ್ತಿತ್ತು. ತಲೆ ಬಗ್ಗಿಸಿ ಏನನ್ನೋ ಕುಕ್ಕೋದು, ತಲೆ ಎತ್ತೋದು. ಆರೂ ಜನ ಬೈನಾಕ್ಯುಲರ್ ಎತ್ತಿದ್ರು. ಎರಡಡಿ ದೂರದ ಪರದೆಗೆ ಅದನ್ನ ಹೊಂದಿಸೋದು ಕಷ್ಟ ಆದ್ರೂ ಹೊಂದಿಸಿದ್ರು. ಡಾಕ್ಟ್ರು ಜೇಬಿಂದ ಟಿಪ್ಪಣಿ ಪುಸ್ತಕ ತೆಗೆದ್ರು.

"ಪತ್ರದೊಳಗೇ ಅಲುಗಾಡೋ ಚಿತ್ರ," ಅಂತ ಬರ್ಕೊಂಡ್ರು ಅವರು. "ಕರೆಯದೇ ತಾನಾಗಿ ಬರುತ್ತೆ. ಆರನೇ ಲಕ್ಷಣ. ಇದುವರೆಗೆ ಎಲ್ಲೂ ದಾಖಲಾಗಿಲ್ಲ."

"ಎಷ್ಟು ಜೀವಂತವಾಗಿದೆ!" ಅಂದ್ರು ಲವಾನ್. "ರೆಕ್ಕೆಯ ಪಟ್ಟಿ ಕೂಡ ಕಾಣುತ್ತೆ. ಈ ಮೋಸಗಾರರು ಏನು ಕೆಲಸ ಮಾಡ್ತಾರಪ್ಪಾ!"

ಓಟಿಗೆ ಹಾಕಿದ್ರು. ಉಳಿದ ಮೂವರು ಡಾಕ್ಟ್ರ ಕೈ ನೋಡಿದ್ರು. ಆರು ಕೈ ಎದ್ದವು. ಎಲ್ಲರೂ ಆರ್ಡಿಸ್ ಕಡೆ ನೋಡಿದ್ರು.

ಕೌಂಟಿಯ ಹೊಸ ಜಾತಿ ಅಂತ ಸೇರಬೇಕಾದ್ರೆ ಏಳಕ್ಕೆ ಏಳು ಓಟು ಬೇಕು. ಪತ್ರ ಬರೆದವರು ಓಟು ಹಾಕಬಾರದು ಅಂತ ನಿಯಮ ಇರ್ಲಿಲ್ಲ. ಸ್ಪ್ಯಾಮ್ ಕಳಿಸಿದವರೇ ಸಮಿತಿಯಲ್ಲಿ ಇರ್ತಾರೆ ಅಂತ ನಿಯಮ ಬರೆಯೋವಾಗ ಆರ್ಡಿಸ್‌ಗೆ ಹೊಳೆದಿರ್ಲಿಲ್ಲ.

"ನಾನು ಕೈ ಎತ್ತದೇ ಇದ್ರೆ?" ಅಂತ ಕೇಳಿದ್ರು ಅವರು.

"ಮುಂದಿನ ಜನವರಿಯಲ್ಲಿ ಮತ್ತೆ ವೀಕ್ಷಣೆ," ಅಂದ್ರು ಡಾಕ್ಟ್ರು. "ಅಲ್ಲೀ ತನಕ ಪತ್ರ ತಡೆಯಲ್ಲೇ ಇರುತ್ತೆ."

"ಎತ್ತಿದ್ರೆ?"

"ನಲವತ್ತೊಂದನೇ ಜಾತಿ. ಐದಕ್ಕೆ ಆರು ಲಕ್ಷಣ. ದೇಶದಲ್ಲೇ ಇಂಥದ್ದು ಇರ್ಲಿಕ್ಕಿಲ್ಲ. ಮೊದಲು ಕಂಡವರು ಅಂತ ನಿಮ್ಮ ಹೆಸರು, ದಪ್ಪ ಅಕ್ಷರದಲ್ಲಿ." ಪೆನ್ನಿನ ಟೋಪಿ ಹಾಕ್ತಾ ಹೇಳಿದ್ರು, "ಬೇಕಾದ್ರೆ ಅನುಬಂಧಕ್ಕೆ ಬಣ್ಣದ ರಕ್ಷಾಪುಟ ಹಾಕಿಸೋಣ. ಕಿತ್ತಳೆ."

ಕಿಟಕಿಯಾಚೆ ಹಕ್ಕಿ ಒಂದು ಬೀಜ ಒಡೆದು ಸಿಪ್ಪೆ ಉಗುಳ್ತು. ಆರ್ಡಿಸ್ ಅದನ್ನ ನೋಡಿದ್ರು. ಗಿಡುಗನಿಂದ ಹಕ್ಕಿಯನ್ನ ಕಾಯ್ತಾ ಹಿಮದಲ್ಲಿ ನಿಂತ ದಿನಗಳನ್ನೂ, ಅದಕ್ಕೂ ಹಿಂದಿನ ಮೂವತ್ತೊಂದು ವರ್ಷವನ್ನೂ ಲೆಕ್ಕ ಹಾಕಿದ್ರು. ತಾನು ನೋಡಿದ್ದು ಹಕ್ಕಿ ಅನ್ನೋದಕ್ಕೆ ಸಾಕ್ಷಿ ಯಾರೂ ಇರ್ಲಿಲ್ಲ. ತಾನು ಬರೆದದ್ದು ಸ್ಪ್ಯಾಮ್ ಅನ್ನೋದಕ್ಕೆ ಆರು ಜನ ಇದ್ರು, ಎಲ್ಲರೂ ಒಳ್ಳೆಯವರು, ಎಲ್ಲರೂ ಅಷ್ಟು ದೂರ ಚಳಿಯಲ್ಲಿ ಬಂದಿದ್ರು.

ಏಪ್ರನ್ ಜೇಬಿಂದ ಒಂದು ಕೈ ಮೇಲೆ ಬಂತು.

ಟೋಯ್ವೊ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. "ಆರ್ಡಿಸಕ್ಕ, ಕೊನೆಗೂ! ನನ್ನದು ಲಾರಿಗೆ ಬಡಿದದ್ದು, ನಿಮ್ಮದು ತಾನಾಗಿ ಬಂದದ್ದು!" ಲವಾನ್ ಅಪ್ಪಿಕೊಂಡ್ರು. ಆರ್ಡಿಸ್ ಸಭೆಯ ನಡಾವಳಿ ಬರೆದ್ರು, ಕೆಳಗೆ ರುಜು ಹಾಕಿದ್ರು. ಒಂದನೇ ನಿಯಮ ಜಾರಿಗೆ ಬಂದಾಗಿನಿಂದ ಒಬ್ಬ ಪ್ರಾಮಾಣಿಕ ಸದಸ್ಯರಿಗೂ ತೊಂದರೆಯಾಗಿರುವುದಿಲ್ಲ ಅಂತ ಅದರಲ್ಲಿ ಸೇರಿಸಿ ಅಂದ್ರು ಡಾಕ್ಟ್ರು. ಸೇರಿಸಿದ್ರು.

ಬ್ರ್ಯಾಂಬ್ಲಿಂಗ್ ಮಾರ್ಚ್ ತನಕ ಇತ್ತು. ಆ ಎರಡು ತಿಂಗಳಲ್ಲಿ ನಲವತ್ತೊಂದನೇ ಸ್ಪ್ಯಾಮ್ ನೋಡೋಕೆ ವಿಸ್ಕಾನ್ಸಿನ್, ಐಯೋವಾ, ಕೆನಡಾದಿಂದೆಲ್ಲ ಜನ ಬಂದ್ರು. ಎಲ್ಲರೂ ಬೂಟು ಬಿಚ್ಚಿ, ಕಿಟಕಿಗೆ ಬೆನ್ನು ಮಾಡಿ, ಪರದೆ ಕಪ್ಪಾಗೋದನ್ನ ಕಾಯ್ತಾ ಕೂರ್ತಿದ್ರು. ಮೂಲೆಯಲ್ಲಿ ಕೂತವರಿಗೆ ಸರಿಯಾಗಿ ಕಾಣಲ್ಲ ಅಂತ ದೂರು ಬಂದಾಗ ಆರ್ಡಿಸ್ ಕೋಟು ಹಾಕ್ಕೊಂಡು ಹೊರಗೆ ಹೋಗಿ, ಕಾಳಿನ ತಟ್ಟೆಯನ್ನ ಒಂದಡಿ ಎಡಕ್ಕೆ ಸರಿಸಿ ಬಂದ್ರು. ಆಮೇಲೆ ಬಹಳ ಸ್ಪಷ್ಟವಾಗಿ ಕಾಣ್ತಿತ್ತು.

"ಹಿಂದೆ ಏನೋ ಕೂಗಿದ ಹಾಗಾಯ್ತಲ್ಲ?" ಅಂತ ಕೆನಡಾದ ಒಬ್ಬರು ಕೇಳಿದ್ರು.

"ಅದು ದಾಖಲೆಯಲ್ಲಿಲ್ಲ," ಅಂದ್ರು ಆರ್ಡಿಸ್, ಅವರಿಗೆ ಕಾಫಿ ಬಗ್ಗಿಸಿ ಕೊಟ್ಟು. ಆಮೇಲೆ ತಮ್ಮ ಕುರ್ಚಿ ಎಳ್ಕೊಂಡು, ಕಿಟಕಿಗೆ ಬೆನ್ನು ಮಾಡಿ, ಎಲ್ಲರ ಜೊತೆ ಕೂತು, ಬೈನಾಕ್ಯುಲರ್ ಎತ್ತಿದ್ರು.